ಅಮ್ಮನ ಲಂಡನ್ ಪ್ರಯಾಣ: ನೇರ ವಿಮಾನವೋ, ದುಬೈ ಮಾರ್ಗವೋ?

ತೀರ್ಥಹಳ್ಳಿಯಿಂದ: ತಂಗಿಯ ಬಾಣಂತನಕ್ಕಾಗಿ ಅರವತ್ತೆಂಟು ವರ್ಷದ ಅಮ್ಮ ಒಬ್ಬರೇ ಲಂಡನ್ನಿಗೆ ಹೊರಟಿದ್ದಾರೆ. ಬೆಂಗಳೂರಿನಿಂದ ಸುಮಾರು 8,000 ಕಿ.ಮೀ. ದೂರವಿದೆ. ನೇರವಾಗಿ ಕಳುಹಿಸುವುದು ಒಳ್ಳೆಯದೋ, ದುಬೈನಲ್ಲಿ ವಿಮಾನ ಬದಲಿಸುವುದೋ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸಾಗರದಿಂದ: ದೂರದ ಲೆಕ್ಕ ನಂಬಿ ನಾನು ಕೆಟ್ಟೆ. ದುಬೈಗೆ ಸುಮಾರು 2,700, ಅಲ್ಲಿಂದ ಲಂಡನ್ನಿಗೆ 5,500 ಕಿ.ಮೀ., ಅಂದರೆ ನೇರ ದಾರಿಗಿಂತ ಹೆಚ್ಚೆಂದರೆ ಇನ್ನೂರು ಕಿ.ಮೀ. ಬಳಸು ಎಂದುಕೊಂಡು, 18,600 ರೂಪಾಯಿ ಉಳಿಯುತ್ತದೆಂದು ಅಪ್ಪ ಅಮ್ಮನಿಗೆ ಅದೇ ಟಿಕೆಟ್ ಮಾಡಿಸಿದೆ. ಮೊದಲ ವಿಮಾನ ಎರಡೂವರೆ ಗಂಟೆ ತಡವಾಗಿ ಮುಂದಿನದು ತಪ್ಪಿತು; ಒಂಬತ್ತು ಗಂಟೆ ಇಬ್ಬರೂ ಕುರ್ಚಿಯಲ್ಲೇ ಕುಳಿತರು. ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಗಳು ಲಗೇಜಿನಲ್ಲಿ ಹೋಗಿದ್ದವು. ಊಟ ತಿಂಡಿಗೆ 4,300 ಖರ್ಚಾಯಿತು. ಎರಡು ದಿನ ಬಿಟ್ಟು ಪೆಟ್ಟಿಗೆ ಬಂದಾಗ ಅಪ್ಪೆಮಿಡಿಯ ಬಾಟಲಿ ಒಡೆದು, ಅಮ್ಮ ಹಳೆಯ ಸೀರೆಗಳಿಂದ ಮೊಮ್ಮಗುವಿಗೆ ಹೊಲಿದಿದ್ದ ಕೌದಿಯ ಮಡಿಕೆ ಮಡಿಕೆಗೂ ಉಪ್ಪುಖಾರದ ರಸ ಇಳಿದಿತ್ತು.

ಕೊಪ್ಪದಿಂದ: ನಾನು ಮೂರು ಸಲವೂ ನೇರ ವಿಮಾನದಲ್ಲೇ ಹೋದವನು. ಹೋಗುವಾಗ ಹತ್ತೂವರೆ ಗಂಟೆ ಹಿಡಿದರೆ, ಪಶ್ಚಿಮದಿಂದ ಬೀಸುವ ಮೇಲಿನ ಗಾಳಿ ಬೆನ್ನಿಗಿರುವುದರಿಂದ ಬರುವಾಗ ಹೆಚ್ಚುಕಡಿಮೆ ಒಂದು ಗಂಟೆ ಉಳಿಯುತ್ತದೆ. ನನಗೆ ಪೆಟ್ಟು ಬಿದ್ದದ್ದು ಸೋಗಾನೆಯಲ್ಲಿ, ಅಂದರೆ ಶಿವಮೊಗ್ಗದ ವಿಮಾನ ನಿಲ್ದಾಣದಲ್ಲಿ. ಬೆಂಗಳೂರಿಗೆ ಬೇರೆಯಾಗಿ ಟಿಕೆಟ್ ಕೊಂಡಿದ್ದೆ. ಮೋಡ ಕವಿದು ವಿಮಾನ ರದ್ದಾಯಿತು. 9,500 ರೂಪಾಯಿ ತೆತ್ತು ಟ್ಯಾಕ್ಸಿಯಲ್ಲಿ ದೇವನಹಳ್ಳಿ ಮುಟ್ಟಿದಾಗ ಕೌಂಟರ್ ಮುಚ್ಚಲು ಹನ್ನೊಂದೇ ನಿಮಿಷ ಬಾಕಿಯಿತ್ತು. ಸೋಗಾನೆಯನ್ನು ನಂಬಿ ದೂರದ ಪ್ರಯಾಣಕ್ಕೆ ಹೊರಡಬೇಡಿ.

ಭದ್ರಾವತಿಯಿಂದ: ಕೊಪ್ಪದವರೇ, ನಿಮ್ಮ ಒಂದು ದಿನದ ಕಷ್ಟಕ್ಕಾಗಿ ನಿಲ್ದಾಣವನ್ನೇ ದೂಷಿಸುವುದು ನ್ಯಾಯವಲ್ಲ. 2023ರ ಆಗಸ್ಟ್ 31ರಂದು ಪ್ರಯಾಣಿಕರ ಸೇವೆ ಆರಂಭವಾದ ಮೇಲೆ ನಮ್ಮ ಹಿರಿಯರಿಗೆ ಆರೇಳು ಗಂಟೆಯ ರಸ್ತೆ ಪ್ರಯಾಣ ತಪ್ಪಿದೆ. ಟಿಕೆಟ್ಟುಗಳನ್ನು ಬೇರೆ ಬೇರೆ ಕೊಂಡಾಗ, ಒಂದು ವಿಮಾನ ರದ್ದಾದರೆ ಇನ್ನೊಂದು ಕಂಪನಿ ಹೊಣೆ ಹೊರುವುದಿಲ್ಲ. ಅದು ಗೊತ್ತಿದ್ದೂ ಹಿಂದಿನ ದಿನವೇ ಹೊರಡದಿದ್ದದ್ದು ನಿಮ್ಮ ತಪ್ಪು. ನಮ್ಮ ಅತ್ತೆಗೆ ನಾನು ದೇವನಹಳ್ಳಿಯಲ್ಲಿ 3,200 ರೂಪಾಯಿಗೆ ಕೋಣೆ ಮಾಡಿಸಿದ್ದೆ.

ಕೊಪ್ಪದಿಂದ: ಹಿಂದಿನ ದಿನವೇ ಹೋಗಿ ಕೋಣೆ ಹಿಡಿಯುವುದಾದರೆ ಶಿವಮೊಗ್ಗದ ರಾತ್ರಿ ರೈಲೇ ಸಾಕಲ್ಲ, ವಿಮಾನಕ್ಕೆ ದುಡ್ಡೇಕೆ ಸುರಿಯಬೇಕು? ನನ್ನ ತಪ್ಪು ಎಣಿಸುವ ಮೊದಲು ಆಷಾಢದಲ್ಲಿ ಒಮ್ಮೆ ಅಲ್ಲಿ ಕಾದು ನೋಡಿ.

ಹೊಸನಗರದಿಂದ: ಕೇಳಿದ್ದು ಅಮ್ಮನ ವಿಷಯ, ನೀವಿಬ್ಬರೂ ಸೋಗಾನೆಯಲ್ಲೇ ನಿಂತಿದ್ದೀರಿ. ನಾನು ಎಪ್ಪತ್ತೊಂದರ ವಯಸ್ಸಿನಲ್ಲಿ ಒಬ್ಬಳೇ ಹೋಗಿ ಬಂದವಳು. ಮೊದಲ ಸಲ ನೇರ ವಿಮಾನದ ಟಿಕೆಟ್ಟಿನಲ್ಲಿ ಮಧ್ಯಾಹ್ನ ಒಂದಕ್ಕೆ ಹೊರಟು ಸಂಜೆ ಏಳಕ್ಕೆ ಇಳಿಯುವುದೆಂದಿತ್ತು. ಆರೇ ಗಂಟೆ ಎಂದುಕೊಂಡೆ. ಅವು ಆಯಾ ಊರಿನ ವೇಳೆ, ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಾಲ್ಕೂವರೆ ಗಂಟೆ ಹಿಂದೆ ಎಂದು ಮಗ ಹೇಳಿರಲಿಲ್ಲ. ಇಳಿಯುವ ಹೊತ್ತಿಗೆ ಪಾದ ಊದಿ ಚಪ್ಪಲಿಯೊಳಗೆ ಹೋಗದಾಯಿತು. ಮರುವರ್ಷ ದುಬೈ ಮಾರ್ಗ ಹಿಡಿದೆ. ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ಮಾಡಿಸಿ, ಆಗಲೇ ಗಾಲಿಕುರ್ಚಿ ಕೇಳಿದ್ದೆವು. ನಡುವಿನ ನಾಲ್ಕು ಗಂಟೆ ಕಾಲು ಚಾಚಿ ಸುಧಾರಿಸಿಕೊಂಡೆ. ಮಾತ್ರೆಗಳು ಕೈಚೀಲದಲ್ಲೇ ಇದ್ದವು. ಸಾಗರದವರೇ, ನಿಮ್ಮ ತಂದೆಯವರ ಮಾತ್ರೆ ಲಗೇಜಿಗೆ ಹೋದದ್ದಕ್ಕೆ ದುಬೈಯನ್ನು ಬೈಯಬೇಡಿ.