ರೂಮ್‌ಮೇಟ್ ಓದ್ತಾ ಇರ್ತಾನೆ, ಮಂಚದ ಕೆಳಗೆ ಅಜ್ಜನ ಹಾರ್ಮೋನಿಯಂ ಐತೆ, ಏನ್ ಮಾಡ್ಲಿ ಹೇಳ್ರಿ

ಕರಿಒಂದು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಲಿ ಇಂಜಿನಿಯರಿಂಗ್ ಓದ್ತಿದೀನಿ, ಇಸಿ (ಎಲೆಕ್ಟ್ರಾನಿಕ್ಸ್) ಬ್ರಾಂಚು, ಐದನೇ ಸೆಮ್. ಊರು ಭರಮಸಾಗರದ ಹತ್ರ ಒಂದು ಹಳ್ಳಿ. ವಿದ್ಯಾನಗರದ ಕಡೆ ರೂಮ್ ಮಾಡ್ಕೊಂಡು ನಾನು ನನ್ ಫ್ರೆಂಡು ಇಬ್ರೇ ಇದೀವಿ, ಪಿಯುಸಿಯಿಂದ ಜೊತೆಲೇ ಇರೋನು, ಅವನು ಸಿವಿಲ್.

ನಮ್ಮಜ್ಜ ಹಳ್ಳಿ ನಾಟಕಕ್ಕೆ ಪೇಟಿ, ಅಂದ್ರೆ ಹಾರ್ಮೋನಿಯಂ, ಬಾರಿಸ್ತಿದ್ರು. ರಾತ್ರಿ ಹತ್ತಕ್ಕೆ ಕೂತ್ರೆ ಕೋಳಿ ಕೂಗೋ ತನಕ ಏಳ್ತಿರಲಿಲ್ಲ. ಭೀಮನ ಪಾರ್ಟಿನೋನು ಹೆದರಿಕೆಗೆ ಶ್ರುತಿ ಬಿಟ್ಟು ಎಲ್ಲೋ ಹಿಡ್ಕೊಂಡ್ರೆ ಅಜ್ಜ ಅಲ್ಲೇ ಪಟ್ಟಿ ಬದಲಾಯಿಸಿ ಅವನ ಗಂಟಲಿಗೆ ಹೋಗಿ ಸೇರ್ಕೋಳೋರಂತೆ, ಕೂತ ಜನಕ್ಕೆ ಗೊತ್ತೇ ಆಗ್ತಿರಲಿಲ್ಲ ಅಂತ ಊರಲ್ಲಿ ಈಗಲೂ ಹೇಳ್ತಾರೆ. ಆಕಾಶವಾಣಿಯೋರು 1940ರಿಂದ 1971ರ ತನಕ ಹಾರ್ಮೋನಿಯಂನ ಒಳಗೇ ಬಿಟ್ಕೊಳ್ಳಿಲ್ಲ ಅಲ್ವಾ, ಅಜ್ಜಂಗೆ ಆ ನೋವು ಕೊನೆವರೆಗೂ ಇತ್ತು, "ರೇಡಿಯೋದಾಗ ನಮ್ ಪೆಟ್ಟಿಗೆಗೆ ಜಾಗ ಇರ್ಲಿಲ್ಲ, ಹಳ್ಯಾಗ ಇತ್ತು ನೋಡು" ಅನ್ನೋರು. ನಂಗೆ ಸರೆಗಮ ಹೇಳ್ಕೊಟ್ಟಿದ್ದು ಅವ್ರೇ, ಎರಡನೇ ಕ್ಲಾಸಲ್ಲಿ. ಹೋಗೋ ಮುಂಚೆ ಪೆಟ್ಟಿಗೆ ನಂಗೇ ಕೊಟ್ರು.

ಇಲ್ಲಿಗೆ ಬಂದ ಮೊದಲ ವರ್ಷ ಬಹಳ ಚೆನ್ನಾಗಿತ್ತು. ಸಂಜೆ ಮಂಡಕ್ಕಿ ಮಿರ್ಚಿ ಕಟ್ಟಿಸ್ಕೊಂಡು ರೂಮಿಗೆ ಬಂದು ನಾನು ಬಾರಿಸೋದು, ಅವನು ಸ್ಟೀಲ್ ಡಬ್ಬಿ ಬೋರಲು ಹಾಕಿ ತಾಳ ಕೊಡೋದು, ಪಕ್ಕದ ರೂಮಿನೋರೂ ಬಂದು ಕೂರೋರು. ಮೂರನೇ ಸೆಮ್ ಎಕ್ಸಾಮ್ ಟೈಮಲ್ಲಿ ಒಂದಿನ ರಾತ್ರಿ ನಾನು ಸುಮ್ನೆ ಐದು ನಿಮಿಷ ಅಂತ ತೆಗೆದೆ, ಅವನು ಓದ್ತಿದ್ದೋನು ಪುಸ್ತಕ ಎತ್ತಿ ಕುಕ್ಕಿ "ಲೇ ಸಾಕು ನಿಲ್ಸು, ನಿಂಗೆ ಅಜ್ಜಂದು ಪೇಟಿ ಐತೆ ನಂಗೆ ಏನೈತೆ" ಅಂದ. ಅಷ್ಟೇ. ನಾನು ಮುಚ್ಚಿ ಮಂಚದ ಕೆಳಗಿಟ್ಟೆ. ಆಮೇಲೆ ಇಬ್ರೂ ಆ ಮಾತು ಎತ್ತಲೇ ಇಲ್ಲ. ಒಟ್ಟಿಗೆ ಉಣ್ತೀವಿ, ಒಂದೇ ಬೈಕಲ್ಲಿ ಕಾಲೇಜಿಗೆ ಹೋಗ್ತೀವಿ, ಆದ್ರೆ ಡಬ್ಬಿ ತಾಳ ಇಲ್ಲ. ಇದರ ಜೊತೆ ಎಂ-ತ್ರೀ, ಅಂದ್ರೆ ಮೂರನೇ ಸೆಮ್ ಮ್ಯಾಥ್ಸ್ ಪೇಪರು, ಹೋಯ್ತು. ಪೇಟಿ ಮುಟ್ಟದೇನೇ ಫೇಲ್ ಆದೆ, ಇನ್ನೊಂದ್ಸಲ ಬರೆದೆ ಅದೂ ಹೋಯ್ತು.

ಮೊನ್ನೆ ದಸರಾಕ್ಕೆ ಪೆಟ್ಟಿಗೆ ಊರಿಗೆ ಒಯ್ದಿದ್ದೆ, ಅಮ್ಮ ಆಯುಧಪೂಜೆಗೆ ಇಟ್ಟು ಪೂಜೆ ಮಾಡಿದ್ರು, ವಾಪಸ್ ಬರೋವಾಗ "ಡಿಗ್ರಿ ಮುಗಿಯೋ ತನಕ ಇಲ್ಲೇ ಇರ್ಲಿ ಬಿಡಪ್ಪ" ಅಂದ್ರು. ನಾನು ಹಟ ಮಾಡಿ ತಂದೆ. ತಂದು ತೆಗೆದ್ರೆ ನಡುವಿನ ಒಂದು ಸ್ವರ ಮುಟ್ಟದೇ ಇದ್ರೂ ಕುಂಯ್ ಅಂತ ಅಳ್ತಾನೇ ಐತೆ. ಅದನ್ನ ಕೇಳಿ ಬಹಳ ಬೇಜಾರಾಯ್ತು ರೀ.

ಕೇಳೋದು ಏನಂದ್ರೆ ಪೆಟ್ಟಿಗೆ ಊರಿಗೆ ಕಳ್ಸಿ ಓದು ಮುಗಿಸ್ಲಾ? ಇಲ್ಲ ಎರಡೂ ಹೆಂಗೆ ನಡೆಸೋದು? ನಡೆಸಿದೋರು ಇದ್ರೆ ದಯವಿಟ್ಟು ಹೇಳ್ರಿ.

ಕುಂದವಾಡ ಏರಿ

ನಾನೂ ಇಲ್ಲೇ ಓದ್ತಿರೋದು ಬ್ರೋ, ಬಿಕಾಂ, ಕೊಳಲು ಊದ್ತೀನಿ. ನಂಗೂ ರೂಮಲ್ಲಿ ಆಗ್ತಿರಲಿಲ್ಲ, ಓನರ್ ಮೇಲ್ಗಡೆನೇ ಇರೋದು. ಬೆಳಗ್ಗೆ ಐದೂವರೆಗೆ ಕುಂದವಾಡ ಕೆರೆ ಏರಿ ಮೇಲೆ ಹೋಗಿ ವಾಕಿಂಗ್ ಜನ ಜಾಸ್ತಿ ಆಗೋ ಮುಂಚೆ ಅರ್ಧ ಗಂಟೆ ಊದಿ ಬರ್ತೀನಿ, ಚಳಿಗಾಲದಲ್ಲಿ ಬೆರಳು ಮರಗಟ್ಟತ್ತೆ ಆದ್ರೂ ನೀರಿನ ಮೇಲೆ ಸ್ವರ ಹೋಗೋದು ಕೇಳೋದೇ ಬೇರೆ. ನಿಂದು ಪೆಟ್ಟಿಗೆ ಹೊತ್ಕೊಂಡು ಹೋಗೋಕಾಗಲ್ಲ ಅದು ನಿಜ. ನಿಮ್ ಏರಿಯಾದಲ್ಲಿ ಭಜನೆ ಮಾಡೋ ದೇವಸ್ಥಾನ ಇದ್ದೇ ಇರ್ತವೆ, ಪೇಟಿ ಬಾರಿಸೋಕೆ ಬರತ್ತೆ ಅಂತ ಅಲ್ಲಿ ಒಂದ್ಸಲ ಹೇಳಿ ನೋಡು, ಬಿಡೋದೇ ಇಲ್ಲ ನಿನ್ನ.

ಆದ್ರೆ ನಂಗೆ ಅನ್ಸೋದು ಜಾಗದ ಪ್ರಾಬ್ಲಮ್ ಅಲ್ಲ ಇದು. "ನಂಗೆ ಏನೈತೆ" ಅಂದಿದಾನಲ್ಲ, ಅದು ಪೇಟಿ ಮೇಲಿನ ಸಿಟ್ಟಲ್ಲ. ಆವತ್ತು ಅವನಿಗೆ ಏನಾಗಿತ್ತು ಅಂತ ನೀನು ಕೇಳಿದ್ಯಾ?

ಮೂರುಸಲ ಬರ್ದೋನು

ಎಲ್ರೂ ಬಿಡಬೇಡ ಬಿಡಬೇಡ ಅಂತಾರೆ, ನಾನು ಬೇರೆ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ ತಮ್ಮ. ನಾನು ಕಾಲೇಜ್ ಆರ್ಕೆಸ್ಟ್ರಾ, ಗಣೇಶನ ಹಬ್ಬದ ಪ್ರೋಗ್ರಾಮು ಅಂತ ಕೀಬೋರ್ಡ್ ಹೊತ್ಕೊಂಡು ಹರಿಹರ ಹೊನ್ನಾಳಿ ಎಲ್ಲ ಸುತ್ತಿ ಎರಡು ವರ್ಷ ಸಬ್ಜೆಕ್ಟ್ ಗುಡ್ಡೆ ಹಾಕ್ಕೊಂಡೆ. ಕ್ಲಾಸಿನೋರೆಲ್ಲ ಕೆಲಸಕ್ಕೆ ಹೋದ್ರು, ನಾನು ಬ್ಯಾಕ್ ಪೇಪರ್ ಬರೀತಿದ್ದೆ, ಅಪ್ಪ ಮನೇಲಿ ಏನೂ ಅನ್ನದೇ ಸುಮ್ನಿರೋರು ಆ ಸುಮ್ನಿರೋದೇ ತಡ್ಕೊಳೋಕಾಗ್ತಿರಲಿಲ್ಲ. ಒಂದು ಸೆಮ್ ಪೂರ್ತಿ ಮುಚ್ಚಿಡು, ಎಂ-ತ್ರೀ ತೆಗಿ, ಆಮೇಲೆ ಬಾರಿಸು.

ನಮ್ ಯೂನಿವರ್ಸಿಟಿ ವಿಟಿಯು ಪೇಪರ್ ನಿಂಗೇ ಗೊತ್ತಲ್ಲ, ಐದು ಮಾಡ್ಯೂಲು, ಒಂದೊಂದಕ್ಕೆ 20, ಎರಡು ಪ್ರಶ್ನೆ ಕೊಟ್ಟು ಒಂದು ಬರಿ ಅಂತಾರೆ. ನೂರಕ್ಕೆ 35 ದಾಟಬೇಕು. ನಾನು ಎರಡು ಸಲ ಐದೂ ಮಾಡ್ಯೂಲ್ ಅರ್ಧಂಬರ್ಧ ಓದಿ ಫೇಲ್ ಆದೆ, ಮೂರನೇ ಸಲ ಮೂರೇ ಮಾಡ್ಯೂಲ್ ಹಿಡಿದು ಹಳೇ ಪೇಪರ್‌ಗಳ ಲೆಕ್ಕ ಎಲ್ಲಾ ಕೈಯಾರೆ ಮಾಡಿ ಮಾಡಿ ಪಾಸಾದೆ. ಲೆಕ್ಕ ನೋಡಿ ಓದೋದಲ್ಲ, ಬರೀಬೇಕು.

ಪಲ್ಟಾ ಟೀಚರ್

ಮಗಾ, ಪೆಟ್ಟಿಗೆ ಕಳಿಸಬೇಡ. ನಾನು ಇಲ್ಲೇ ದಾವಣಗೆರೆಲಿ ಮನೇಲಿ ಮಕ್ಕಳಿಗೆ ಹಿಂದೂಸ್ತಾನಿ ಹೇಳಿಕೊಡ್ತೀನಿ, ಇಪ್ಪತ್ತು ವರ್ಷದ ಮೇಲಾಯ್ತು.

ಮೊದಲು ಆ ಅಳೋ ಸ್ವರ. ಅದೊಂದು ಕೀನ ಬೆರಳಲ್ಲಿ ಮೆಲ್ಲಗೆ ಮೇಲಕ್ಕೆ ಎತ್ತಿ ಹಿಡಿದು ತಿದಿ ಒತ್ತು. ಶಬ್ದ ನಿಂತ್ರೆ ಒಳಗೆ ಸ್ವರ ಹೊರಡಿಸೋ ರೀಡಿಗೆ ಏನೂ ಆಗಿಲ್ಲ ಅಂತ ಅರ್ಥ, ಕೀ ತನ್ನ ಜಾಗಕ್ಕೆ ವಾಪಸ್ ಕೂರ್ತಿಲ್ಲ ಅಷ್ಟೇ, ಸಂದಿಲಿ ಕಸ ಸಿಕ್ಕಿರಬಹುದು, ಸ್ಪ್ರಿಂಗ್ ಸಡಿಲ ಆಗಿರಬಹುದು, ಮಳೆಗಾಲದಲ್ಲಿ ಮರ ಉಬ್ಬಿರಬಹುದು. ಒಣ ಬ್ರಷ್ ಹಾಕಿ ಒರೆಸು. ಎಣ್ಣೆ ಮಾತ್ರ ಹಾಕಬೇಡ, ದೇವರಾಣೆ ಹಾಕಬೇಡ, ಧೂಳೆಲ್ಲ ಅದಕ್ಕೇ ಅಂಟ್ಕೊಂಡು ಮೂರು ತಿಂಗಳಿಗೆ ಪೂರ್ತಿ ಕೆಡುತ್ತೆ. ರೀಡಿನ ಹಲಗೆ ಬಿಚ್ಚೋ ಕೆಲಸ ಗೊತ್ತಿರೋರ ಕೈಯಲ್ಲೇ ಮಾಡ್ಸು, ಹಿತ್ತಾಳೆ ನಾಲಿಗೆ ಅದು, ತುದಿ ಕೆರೆದ್ರೆ ಶ್ರುತಿ ಏರುತ್ತೆ ಬುಡ ಕೆರೆದ್ರೆ ಇಳಿಯುತ್ತೆ, ಅಜ್ಜನ ಶ್ರುತಿ ಕಳ್ಕೋತೀಯ.

ರೂಮಿನ ವಿಷಯ. ತಿದಿ ಒತ್ತದೇ ಇದ್ರೆ ಹಾರ್ಮೋನಿಯಂ ಸದ್ದೇ ಮಾಡಲ್ಲ ಅನ್ನೋದು ಯಾಕೋ ಎಲ್ಲರಿಗೂ ಮರೆತುಹೋಗುತ್ತೆ. ತಿದಿ ಕೊಕ್ಕೆ ಹಾಕಿಟ್ಟು ಬರೀ ಬೆರಳಲ್ಲಿ ಪಲ್ಟಾ ಓಡಿಸು, ಸರೆಗ ರೆಗಮ ಗಮಪ, ಸ್ವರ ಮನಸ್ಸಲ್ಲಿ ಹೇಳ್ಕೋಬೇಕು. ಮೊದಲನೇ ವಾರ ಏನೂ ಕೇಳಲ್ಲ, ಬರೀ ಮರದ ಟಕ್ ಟಕ್. ಆಮೇಲೆ ಒಳಗೇ ಕೇಳೋಕೆ ಶುರುವಾಗುತ್ತೆ. ನಮ್ಮ ಮನೇಲಿ ಅತ್ತೆ ಹುಷಾರಿಲ್ಲದೇ ಮಲಗಿದ್ದ ಎಂಟು ತಿಂಗಳು ನಾನು ಹಿಂಗೇ ಮಾಡಿದ್ದು. ಎಂಟು ತಿಂಗಳಾದ ಮೇಲೆ ತಿದಿ ಒತ್ತಿದ ದಿನ ಯಮನ್ ರಾಗದ ತೀವ್ರ ಮಧ್ಯಮ ಕೇಳಿ ಅಳು ಬಂತು, ಅಷ್ಟು ಚೆನ್ನಾಗಿ ಕೂತಿತ್ತು ಕೈಯಲ್ಲಿ. ರಾತ್ರಿ ಓದಿಗೆ ಮುಂಚೆ ಇಪ್ಪತ್ತು ನಿಮಿಷ ಇದು ಸಾಕು. ಸದ್ದು ಮಾಡಿ ಬಾರಿಸೋದು ಭಾನುವಾರ ಇಟ್ಕೋ, ಆಗಲೂ ಒಂದೇ ಸ್ಟಾಪರ್ (ರೀಡಿಗೆ ಗಾಳಿ ಬಿಡೋ ಗುಬುಟು) ಎಳೆದು, ಕಪ್ಲರ್ (ಒಂದು ಕೀ ಜೊತೆ ಇನ್ನೊಂದು ಸಪ್ತಕದ ಕೀನೂ ಒತ್ತೋದು) ಮುಚ್ಚಿ, ತಿದಿ ಹಗುರಕ್ಕೆ.

ಇನ್ನೊಂದು, ಗುರಿ ಇಲ್ಲದೇ ಇದ್ರೆ ಓದಿನ ಗಡಿಬಿಡಿಲಿ ಬಿಟ್ಟುಹೋಗುತ್ತೆ. ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳಿವೆ, ಪ್ರಾರಂಭಿಕದಿಂದ ಶುರು, ಆಮೇಲೆ ಪ್ರವೇಶಿಕಾ, ಮಧ್ಯಮಾ, ಹಿಂಗೆ ವಿಶಾರದದ ತನಕ. ನಿಂಗೆ ಅಜ್ಜ ಹೇಳಿಕೊಟ್ಟಿರೋದ್ರಲ್ಲಿ ಮೊದಲಿಂದು ಸುಲಭ. ಚಿಂದೋಡಿ ಲೀಲಾ ಅವರಂಥ ಕಲಾವಿದೆ ನಾಟಕ ಕಂಪನಿ ನಡೆಸಿದ ಊರು ಇದು, ನಾನು ಚಿಕ್ಕೋಳಿದ್ದಾಗ ದುಗ್ಗಮ್ಮನ ಜಾತ್ರೆಗೆ ನಾಟಕದ ಟೆಂಟಲ್ಲಿ ಪೇಟಿ ಮಾಸ್ತರು ಕಾಲಲ್ಲಿ ತಿದಿ ಒತ್ಕೊಂಡು ಎರಡೂ ಕೈಯಲ್ಲಿ ಬಾರಿಸೋದು ನೋಡೋಕೇ ಮುಂದಿನ ಸಾಲಲ್ಲಿ ಕೂರ್ತಿದ್ದೆ. ಅಂಥೋರ ಪೆಟ್ಟಿಗೆಗಳು ಎಷ್ಟೋ ಅಟ್ಟದ ಮೇಲೆ ಗೆದ್ದಲು ತಿಂದು ಹೋದವು. ನಿಂದು ಹೋಗೋದು ಬೇಡ.

ಅಳತೆಗಾರ

ಇಸಿ ಹುಡುಗ ಹಾರ್ಮೋನಿಯಂ ಮುಚ್ಚಿಟ್ಟು ಎಂ-ತ್ರೀ ಫೇಲ್ ಆದೆ ಅಂತಿದಾನೆ, ಇದನ್ನ ಓದಿ ಸುಮ್ನಿರೋಕಾಗ್ಲಿಲ್ಲ. ನಾನೂ ದಾವಣಗೆರೆಲೇ ಇಸಿ ಮುಗಿಸಿ ಈಗ ಬೆಂಗಳೂರಲ್ಲಿ ಆಡಿಯೋ ಟೆಸ್ಟಿಂಗ್ ಕೆಲಸ ಮಾಡ್ತೀನಿ. ನಿನ್ ಎಂ-ತ್ರೀ ಮೊದಲನೇ ಮಾಡ್ಯೂಲ್ ಏನು? ಫೋರಿಯರ್ ಸೀರೀಸ್, ಒಂದು ಅಲೆನ ಬೇರೆ ಬೇರೆ ಸರಳ ಅಲೆಗಳ ಮೊತ್ತವಾಗಿ ಬರೆಯೋದು. ಅದು ನಿನ್ ಮಂಚದ ಕೆಳಗೇ ಐತೆ.

ನಿನ್ ಹೆಸರು ಕರಿ ಒಂದು ಅಂತ ಇಟ್ಕೊಂಡಿದೀಯ. ನಡುವಿನ ಸಪ್ತಕದ ಕರಿ ಒಂದು, ಅಂದ್ರೆ ಮೊದಲನೇ ಕಪ್ಪು ಕೀ, ಸೆಕೆಂಡಿಗೆ ಸುಮಾರು 277 ಕಂಪನ. ಆದ್ರೆ ರೀಡು ಬರೀ 277 ಕೊಡಲ್ಲ, ಜೊತೆಗೆ 554, 831, 1108, 1385 ಹಿಂಗೆ ಹೋಗ್ತಾನೇ ಇರುತ್ತೆ. ಅವೇ ನೀನು ಬರೆಯೋ ಸೀರೀಸಿನ ಎರಡನೇ, ಮೂರನೇ, ನಾಲ್ಕನೇ, ಐದನೇ ಹಾರ್ಮೋನಿಕ್. ಈಗ ಸ್ವರದ ಲೆಕ್ಕದಲ್ಲಿ ನೋಡು, 554 ಮೇಲಿನ ಸ, 831 ಅದರ ಮೇಲಿನ ಪ, 1108 ಮತ್ತೆ ಸ, 1385 ಗ. ಒಂದು ಸ ಒತ್ತಿದ್ರೆ ಒಳಗೆ ಪ, ಗ ಆಗಲೇ ಕೂತಿರ್ತವೆ. ತಂಬೂರಿಲಿ ಯಾರೂ ಗ ಮೀಟದೇ ಇದ್ರೂ ಗಾಂಧಾರ ಕೇಳುತ್ತೆ ಅಂತಾರಲ್ಲ, ಅದೇ ಇದು, ಐದನೇ ಹಾರ್ಮೋನಿಕ್. ನೀನು ಎಕ್ಸಾಮಲ್ಲಿ ಮಾಡೋ ಸ್ಕ್ವೇರ್ ವೇವ್ ಲೆಕ್ಕದಲ್ಲಿ ಬೆಸ ಹಾರ್ಮೋನಿಕ್ ಮಾತ್ರ ಉಳೀತವಲ್ಲ, ಒಂದು ಮೂರು ಐದು, ಅದನ್ನ ಸ ಪ ಗ ಅಂತ ಓದ್ಕೋ, ಜನ್ಮದಲ್ಲಿ ಮರೆಯಲ್ಲ. ಎ-ಎನ್, ಬಿ-ಎನ್ ಅಂತ ಕಂಡುಹಿಡೀತೀಯಲ್ಲ ಅದು ಯಾವ ಸ್ವರ ಎಷ್ಟು ಜೋರಾಗಿ ಸೇರಿದೆ ಅನ್ನೋ ಲೆಕ್ಕ, ಕೊಳಲೂ ಪೇಟಿಯೂ ಒಂದೇ ಸ ಬಾರಿಸಿದ್ರೂ ಬೇರೆ ಬೇರೆ ಕೇಳೋದು ಆ ನಂಬರ್‌ಗಳು ಬೇರೆ ಆಗಿರೋದ್ರಿಂದ.

ಇನ್ನೂ ಒಂದು. ಸ್ವಾಭಾವಿಕವಾಗಿ ಬರೋ ಗ ಅಂದ್ರೆ 277ನ್ನ ಐದರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದ್ರೆ ಬರೋದು, ಸುಮಾರು 346. ಹಾರ್ಮೋನಿಯಂನಲ್ಲಿ ಸಪ್ತಕನ ಹನ್ನೆರಡು ಸಮ ಪಾಲು ಮಾಡಿ ಶ್ರುತಿ ಕೂರಿಸಿದ್ರೆ ಗ ಬರೋದು 349. ಮೊಬೈಲಲ್ಲಿ ತಂಬೂರಿ ಹಾಕ್ಕೊಂಡು ಸ-ಗ ಹಿಡ್ದು ನೋಡು, ಗ ಸ್ವಲ್ಪ ನಡುಗಿದಂಗೆ ಕೇಳುತ್ತೆ. ನಿಮ್ಮಜ್ಜಂಗೆ ಈ ನಂಬರ್ ಗೊತ್ತಿರಲಿಲ್ಲ ಅನ್ಸುತ್ತೆ, ಆದ್ರೆ ಆ ನಡುಗೋದು ಕಿವಿಗೆ ಖಂಡಿತ ಗೊತ್ತಿತ್ತು.

ಮೊಬೈಲಲ್ಲಿ ಸ್ಪೆಕ್ಟ್ರಮ್ ತೋರ್ಸೋ ಫ್ರೀ ಆಪ್ ಇರ್ತವೆ, ಒಂದು ಹಾಕ್ಕೊಂಡು ಪೇಟಿ ಮುಂದೆ ಇಡು, ಗೆರೆಗಳು ಏಳೋದು ಕಣ್ಣಾರೆ ನೋಡು. ಮೂರುಸಲ ಬರ್ದೋರು ಹೇಳಿದ್ದೂ ಸರಿನೇ, ಲೆಕ್ಕ ಕೈಯಲ್ಲೇ ಮಾಡಬೇಕು. ಆದ್ರೆ ಏನು ಮಾಡ್ತಿದೀನಿ ಅಂತ ಗೊತ್ತಿದ್ದು ಮಾಡಿದ್ರೆ ಕೈ ಓಡುತ್ತೆ.

ಕರಿಒಂದು

ಹತ್ತು ದಿನ ಆಯ್ತು, ಇಂಟರ್ನಲ್ಸ್ ಇತ್ತು, ತಡ ಆಗಿದ್ದಕ್ಕೆ ಸಾರಿ. ಎಲ್ಲಾ ಎರಡೆರಡು ಸಲ ಓದಿದೆ.

ಭಾನುವಾರ ಬೆಳಗ್ಗೆ ಅವನನ್ನ ಬೆಣ್ಣೆ ದೋಸೆಗೆ ಕರ್ಕೊಂಡು ಹೋದೆ, ಅಲ್ಲಿ ರಶ್ಶಲ್ಲಿ ನಿಂತ್ಕೊಂಡೇ ಕೇಳಿದೆ ಆವತ್ತು ಏನಾಗಿತ್ತೋ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ ಹೇಳ್ದ, ಆವತ್ತು ಸಂಜೆ ಅವರಪ್ಪ ಫೋನ್ ಮಾಡಿ ಅಡಿಕೆ ತೋಟದ ಬೋರು ಪೂರ್ತಿ ಬತ್ತಿತು, ಮುಂದಿನ ವರ್ಷದ ಫೀಸು ಹೆಂಗೋ ಏನೋ ಅಂದಿದ್ರಂತೆ. ನಂಗೆ ಹೇಳೇ ಇರಲಿಲ್ಲ. ನಾನು ಪೇಟಿ ಮುಚ್ಚಿಟ್ಟಿದ್ದು ತನ್ನ ಮೇಲಿನ ಸಿಟ್ಟಿಗೆ ಅಂತ ಅವನು ಅಂದ್ಕೊಂಡು ಇಷ್ಟು ದಿನ ಕೇಳೋಕೆ ಹಿಂಜರೀತಿದ್ದನಂತೆ. ದೋಸೆ ಆರಿ ಹೋಯ್ತು ಇಬ್ಬರದೂ.

ರೂಮಿಗೆ ಬಂದು ಅವನೇ ಪೆಟ್ಟಿಗೆ ಎಳೆದ. ಟೀಚರ್ ನೀವು ಹೇಳಿದಂಗೆ ಕೀ ಎತ್ತಿ ಹಿಡಿದು ತಿದಿ ಒತ್ತಿದ್ವಿ, ಅಳು ನಿಂತಿತು. ಟಾರ್ಚ್ ಬಿಟ್ಟು ನೋಡಿದ್ರೆ ಸಂದಿಲಿ ಚೆಂಡು ಹೂವಿನ ಒಣಗಿದ ಎಸಳು, ಆಯುಧಪೂಜೆಗೆ ಅಮ್ಮ ಇಟ್ಟಿದ್ದು. ಟ್ವೀಜರಲ್ಲಿ ತೆಗೆದೆ. ಅಮ್ಮಂಗೆ ಫೋನ್ ಮಾಡಿ ಹೇಳ್ದೆ, ನಕ್ಕರು, ಆಮೇಲೆ ವಾಪಸ್ ತಂದಿಡು ಅನ್ನೋ ಮಾತು ಬರಲಿಲ್ಲ.

ಈಗ ರಾತ್ರಿ ಒಂಬತ್ತರಿಂದ ಇಪ್ಪತ್ತು ನಿಮಿಷ ತಿದಿ ಇಲ್ಲದ ಪಲ್ಟಾ, ಆಮೇಲೆ ಎಂ-ತ್ರೀ. ಅಳತೆಗಾರ ಸರ್, ಆಪ್ ಹಾಕಿ ನೋಡಿದ್ವಿ, ಗೆರೆಗಳು ಎದ್ದಿದ್ದು ನೋಡಿ ಸಿವಿಲ್‌ನೋನೂ ಬಾಯಿ ಬಿಟ್ಕೊಂಡು ಕೂತಿದ್ದ. ಮೂರುಸಲ ಬರ್ದಣ್ಣ, ನಿಮ್ ಮಾತೂ ಇಟ್ಕೊಂಡಿದೀನಿ, ಭಾನುವಾರ ಬಿಟ್ಟು ಸದ್ದು ಮಾಡಿ ಬಾರಿಸ್ತಿಲ್ಲ, ಪ್ರೋಗ್ರಾಮ್ ಯಾವುದೂ ಒಪ್ಕೊಳ್ಳಲ್ಲ ಪಾಸ್ ಆಗೋ ತನಕ.

ಟೀಚರ್, ಒಂದು ಡೌಟು. ಮೇಲಿನ ಸಪ್ತಕದ ನಿ ಒತ್ತಿದ್ರೆ ಜರ್ ಅಂತ ಜೊತೆಗೊಂದು ಸದ್ದು ಬರತ್ತೆ, ಅದೂ ಕಸನೇನಾ?

ಪಲ್ಟಾ ಟೀಚರ್

ಅದು ರೀಡಲ್ಲೇ ಧೂಳು ಸಿಕ್ಕಿರೋದು ಮಗಾ. ಆ ಒಂದು ಕೀ ಹಿಡ್ಕೊಂಡು ತಿದಿ ಜೋರಾಗಿ ಹತ್ತು ಸಲ ಒತ್ತಿ ನೋಡು, ಗಾಳಿಗೇ ಹಾರಿಹೋಗಬಹುದು. ಹೋಗದೇ ಇದ್ರೆ ಬಿಚ್ಚೋಕೆ ಹೋಗಬೇಡ, ಇಲ್ಲೇ ಹೇಳು, ಯಾರ ಹತ್ರ ಒಯ್ಯಬೇಕು ಅಂತ ನೋಡೋಣ. ಡಬ್ಬಿ ಬಾರಿಸೋನಿಗೆ ಝಪ್‌ತಾಲ್ ಹೇಳಿಕೊಡು, ಹತ್ತು ಮಾತ್ರೆ, ಎರಡು ಮೂರು ಎರಡು ಮೂರು ಅಂತ.