ಪ್ರೆಸ್ಡ್ ಗ್ಲಾಸ್‌ಗೆ ‘ಅಚ್ಚುಗಾಜು’ ಅಂದರೆ ಸಾಕೇ?

ಗೆಳೆಯರೆ,

ಹಳೆಯ ಪ್ರೆಸ್ಡ್ ಗ್ಲಾಸ್ ಪಾತ್ರೆಗಳನ್ನು, ಅಂದರೆ ಕರಗಿದ ಗಾಜನ್ನು ಅಚ್ಚಿನಲ್ಲಿ ಒತ್ತಿ ಮಾಡಿದವನ್ನು, ಗುರುತಿಸುವ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ತೊಡಕು. ‘ಅಚ್ಚುಗಾಜು’ ಅಂತ ಬರೆದೆ, ಆಮೇಲೆ ಹೊಡೆದುಹಾಕಿದೆ. ಅಚ್ಚಿನೊಳಗೆ ಊದಿ ಮಾಡಿದ ಗಾಜೂ ಅಚ್ಚಿನದೇ ಅಲ್ವಾ? ಇವೆರಡನ್ನು ಬೇರೆ ಮಾಡಿ ತೋರಿಸುವುದೇ ನನ್ನ ಬರಹದ ಕೆಲಸ.

ನನ್ನ ಹತ್ತಿರ ಕಾಲಿರುವ ಒಂದು ಬಟ್ಟಲಿದೆ. ಹೊರಗೆಲ್ಲ ವಜ್ರದಾಕಾರದ ಉಬ್ಬುಗಳು. ಒಳಗೆ ಬೆರಳಾಡಿಸಿದರೆ ನುಣ್ಣಗಿದೆ, ಒಂದು ತಗ್ಗೂ ಸಿಗುವುದಿಲ್ಲ. ಕರಗಿದ ಗಾಜನ್ನು ಅಚ್ಚಿಗೆ ಹಾಕಿ, ಮೇಲಿನಿಂದ ನುಣುಪಾದ ಲೋಹದ ಪ್ಲಂಜರ್ ಒತ್ತಿದ್ದರಿಂದ ಹಾಗಾಗಿದೆ. ಅಚ್ಚಿನಲ್ಲಿ ಊದಿದ್ದಾದರೆ ಹೊರಗಿನ ಉಬ್ಬು ಒಳಗೆ ತಗ್ಗಾಗಿ ಬೆರಳಿಗೆ ಸಿಗುತ್ತದೆ. ಇನ್ನು ಕೊರೆದ ಗಾಜು, ಅಂದರೆ ಕಟ್ ಗ್ಲಾಸ್: ಅದರ ಅಂಚುಗಳು ಚೂಪು. ಒತ್ತಿದ್ದರ ಅಂಚು ಸ್ವಲ್ಪ ದುಂಡಗೆ.

ಹಾಗಾಗಿ ಹೆಸರಿನಲ್ಲಿ ‘ಒತ್ತು’ ಇರಲೇಬೇಕು ಅಂತ ನನಗನಿಸುತ್ತದೆ. ‘ಒತ್ತುಗಾಜು’ ಚಿಕ್ಕದು, ಚೊಕ್ಕದು. ಆದರೆ ಕೇಳಿದ ಕೂಡಲೇ ಒತ್ತಕ್ಷರ ನೆನಪಾಗುತ್ತದೆ. ‘ಅಚ್ಚೊತ್ತಿದ ಗಾಜು’ ಅಂದರೆ ಅಚ್ಚೂ ಬಂತು, ಒತ್ತೂ ಬಂತು. ಮನಸ್ಸಿನಲ್ಲಿ ಅಚ್ಚೊತ್ತಿತು ಅಂತ ಹೇಳುವ ನಮಗೆ ಅದು ಹೊಸದೂ ಅಲ್ಲ. ಮೇಲೆ ಸುಮ್ನೆ ಮುದ್ರೆ ಹಾಕಿದ ಗಾಜು ಅಂತ ಯಾರಾದರೂ ತಿಳಿದಾರು ಅನ್ನುವುದೊಂದೇ ಅಳುಕು.

ಅಚ್ಚಿನ ಭಾಗಗಳು ಕೂಡುವ ಕಡೆ ಪಾತ್ರೆಯ ಮೇಲೆ ಸಣ್ಣ ಗೆರೆ ಏಳುತ್ತದೆ. ಅದನ್ನು ‘ಬೆಸುಗೆ’ ಅನ್ನಬಾರದು; ಅಲ್ಲಿ ಗಾಜನ್ನು ಗಾಜಿಗೆ ಬೆಸೆದಿಲ್ಲ. ‘ಅಚ್ಚಿನ ಗೆರೆ’ ಸಾಕು.

ಇನ್ನೊಂದು ಎಡವಟ್ಟು ‘ಸೀಸದ ಗಾಜು’, ಅಂದರೆ ಲೆಡ್ ಗ್ಲಾಸ್. ಅಮೆರಿಕದಲ್ಲಿ ಗಾಜನ್ನು ಯಂತ್ರದಲ್ಲಿ ಒತ್ತುವುದು 1820ರ ದಶಕದಲ್ಲಿ ಶುರುವಾಯಿತು. ಆಗಿನ ಒಳ್ಳೆಯ ಪಾತ್ರೆಗಳಲ್ಲಿ ಸೀಸ ಇರುತ್ತಿತ್ತು. ಬೆರಳಿಂದ ತಟ್ಟಿದರೆ ಗಂಟೆಯ ಹಾಗೆ ದನಿ ಎಳೆಯುತ್ತದೆ. 1864ರಲ್ಲಿ ಅಲ್ಲಿನ ವೀಲಿಂಗ್ ಊರಿನಲ್ಲಿ ಗಾಜು ತಯಾರಕ ವಿಲಿಯಂ ಲೈಟನ್ ಸೋಡಾ, ಸುಣ್ಣದ ಅಗ್ಗದ ಮಿಶ್ರಣವನ್ನು ಸುಧಾರಿಸಿದ ಮೇಲೆ ಸೀಸ ಕಡಿಮೆಯಾಯಿತು. ಈ ಹೊಸ ಗಾಜು ಹಗುರ, ದನಿಯೂ ಬೇಗ ನಿಲ್ಲುತ್ತದೆ. ಕಾಲ ಅಂದಾಜು ಮಾಡಲು ಇದು ಬೇಕೇ ಬೇಕು. ಆದರೆ ‘ಸೀಸದ ಗಾಜು’ ಅಂದಾಗ ಒಬ್ಬರು ಸೀಸೆಯ ಗಾಜು, ಅಂದರೆ ಬಾಟಲಿಯದು ಅಂದುಕೊಂಡರು! ‘ಸೀಸ ಬೆರೆಸಿದ ಗಾಜು’ ಅಂದರೆ ಗೊಂದಲ ತಪ್ಪೀತೇ?

ಕೊನೆಯದಾಗಿ, ಮೇಜಿನ ಮೇಲೆ ಚಮಚಗಳನ್ನು ನಿಲ್ಲಿಸಿಡುವ ‘ಸ್ಪೂನರ್’. ಹೂದಾನಿಯ ಜಾಡಿನಲ್ಲಿ ‘ಚಮಚದಾನಿ’ ಅಂದಿದ್ದೇನೆ. ನನಗಂತೂ ತುಂಬ ಹಿಡಿಸಿದೆ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?