ಹಳೇ ಮಾರುತಿ 800: ಕೂಲಂಟ್ ಇಳಿಯುತ್ತಿದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ

ಪ್ರಶ್ನೆ: ಶಿರಸಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು 2005ರ ಮಾರುತಿ 800, ಎಸಿ ಇರುವ ಗಾಡಿ. ಅಪ್ಪಯ್ಯ ತೆಗೆದುಕೊಂಡಿದ್ದು, ಈಗ ನಾನು ಓಡಿಸುತ್ತೇನೆ. ಇತ್ತೀಚೆಗೆ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಡಿಮೆಯಾಗುತ್ತಲೇ ಇದೆ. ಪೇಟೆಗೆ ಹೋಗಿ ಬಂದರೆ ಏನೂ ಗೊತ್ತಾಗುವುದಿಲ್ಲ. ಕುಮಟೆಗೆ ಹೋಗಿ ವಾಪಸ್ ಬರುವಾಗ, ಕತಗಾಲ ದಾಟಿ ದೇವಿಮನೆ ಘಾಟಿ ಹತ್ತಲು ಶುರು ಮಾಡಿದ ಮೇಲೆ ಹೀಟ್ ಮುಳ್ಳು ಮೇಲೆ ಹೋಗುತ್ತದೆ. ಬೆಳಿಗ್ಗೆ ಗಾಡಿ ಕೆಳಗೆ ನೋಡಿದರೆ ನೆಲ ಒಣಗಿಯೇ ಇರುತ್ತದೆ.

ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್) ತೆಗೆದು ಬಿಸಾಡಿ ಅಂದರು. ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿದೆ, ಹೆಡ್ ಇಳಿಸಬೇಕು ಅಂದರು. ಯಾರ ಮಾತು ಕೇಳಲಿ? ಸದ್ಯಕ್ಕೆ ಬಾವಿ ನೀರು ತುಂಬಿಸಿ ಓಡಿಸುತ್ತಿದ್ದೇನೆ.

ಉತ್ತರ: ಅಂಕೋಲೆಯಿಂದ

ಹೋಸ್ ಕ್ಲಿಪ್ ಎಲ್ಲ ಒಮ್ಮೆ ನೋಡಿ. ನಮ್ಮ ಕಡೆ ಸಮುದ್ರದ ಗಾಳಿಗೆ ಕ್ಲಿಪ್ ತುಕ್ಕು ಹಿಡಿದು ಬಿಗಿ ಬಿಡುತ್ತವೆ. ನನ್ನ ಗಾಡಿಯದ್ದು ಅಷ್ಟೇ ಆಗಿತ್ತು.

ಉತ್ತರ: ಕುಮಟಾ, ಗ್ಯಾರೇಜ್ ಕೆಲಸದವ

ಮಾರಾಯ್ರೆ, ಹೆಡ್‌ಗೆ ಈಗಲೇ ಸ್ಪ್ಯಾನರ್ ಹಾಕಿಸಬೇಡಿ. ನೀರು ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗದೆ ಹೆಡ್ ಇಳಿಸಿದ ಗಾಡಿಗಳನ್ನು ನಾನು ತುಂಬಾ ನೋಡಿದ್ದೇನೆ. ದುಡ್ಡು ಖರ್ಚಾಗಿ ಸೋರಿಕೆ ಹಾಗೇ ಉಳಿದರೆ ಮನಸ್ಸಿಗೆ ಬೇಜಾರಾಗುತ್ತದೆ.

ನೆಲದ ಮೇಲೆ ಹನಿ ಇಲ್ಲ ಅಂದರೆ ಸೋರಿಕೆ ಇಲ್ಲ ಅಂತಲ್ಲ. ತಣ್ಣಗಿದ್ದಾಗ ಒಳಗೆ ಒತ್ತಡ ಇರುವುದಿಲ್ಲ, ಹಾಗಾಗಿ ಸೋರುವುದಿಲ್ಲ. ಘಾಟಿಯಲ್ಲಿ ಎಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಸೂಜಿ ತುದಿಯಷ್ಟು ಜಾಗದಿಂದ ಹೊರಬರುತ್ತದೆ, ಬಿಸಿ ಎಂಜಿನ್ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತದೆ. ಆದರೆ ಗುರುತು ಬಿಟ್ಟೇ ಹೋಗುತ್ತದೆ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಟಾರ್ಚ್ ಹಿಡಿದು ಹುಡುಕಿ. ಹೋಸ್ ಬಾಯಿ, ರೇಡಿಯೇಟರ್‌ನ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಸೇರುವ ಅಂಚು, ವಾಟರ್ ಪಂಪ್ ಪುಲ್ಲಿ ಹಿಂಭಾಗ. ಒಣಗಿದ ಬಿಳಿ ಅಥವಾ ಹಸಿರು ಪುಡಿ, ಕೆಳಗೆ ಇಳಿದ ಗೆರೆ ಕಂಡರೆ ಅದೇ ಜಾಗ. ಪಂಪ್‌ನಲ್ಲಿ ಬೇಕಂತಲೇ ಬಿಟ್ಟ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದರೆ ನೀರು ಬೇರಿಂಗ್‌ಗೆ ಹೋಗದೆ ಆ ತೂತಿನಿಂದ ಹೊರಗೆ ಬರಲಿ ಅಂತ. ಅದಕ್ಕೆ ಎಂಸೀಲ್ ಮೆತ್ತುವವರಿದ್ದಾರೆ, ದಯವಿಟ್ಟು ಹಾಗೆ ಮೆತ್ತಲು ಬಿಡಬೇಡಿ.

ಆಮೇಲೆ ರೇಡಿಯೇಟರ್ ಕ್ಯಾಪ್. ಇದನ್ನು ಯಾರೂ ನೋಡುವುದೇ ಇಲ್ಲ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. 0.9 (ಬಾರ್ ಒತ್ತಡ) ಅಂತ ಬರೆದ ಕ್ಯಾಪ್ ಸರಿಯಾಗಿ ಒತ್ತಡ ಹಿಡಿದರೆ ಅದೇ ನೀರು ಸುಮಾರು 118ರವರೆಗೆ ಕುದಿಯುವುದಿಲ್ಲ. ಕ್ಯಾಪ್‌ನ ರಬ್ಬರ್ ಬಿರಿದರೆ ಈ ರಕ್ಷಣೆ ಹೋಯಿತು. ರೇಡಿಯೇಟರ್‌ನಿಂದ ಪಕ್ಕದ ಕೂಲಂಟ್ ಬಾಟಲಿಗೆ ಉಕ್ಕಿದ ಕೂಲಂಟ್ ತಣ್ಣಗಾದ ಮೇಲೆ ವಾಪಸ್ ಎಳೆದುಕೊಳ್ಳುವುದೂ ಇಲ್ಲ. ಬಾಟಲಿಯಲ್ಲಿ ನೀರಿದೆ ಅಂತ ನೀವು ಸುಮ್ನೆ ಇರುತ್ತೀರಿ, ರೇಡಿಯೇಟರ್ ಒಳಗೆ ಖಾಲಿ ಇರುತ್ತದೆ. ಬಿಸಿ ಇದ್ದಾಗ ಮಾತ್ರ ಕ್ಯಾಪ್ ಮುಟ್ಟಬೇಡಿ, ಮುಖ ಮೈ ಸುಡುತ್ತದೆ.

ಥರ್ಮೋಸ್ಟಾಟ್ ತೆಗೆಸಬೇಡಿ. ಅದಿಲ್ಲದಿದ್ದರೆ ಶಿರಸಿ ಚಳಿಯಲ್ಲಿ ಎಂಜಿನ್ ಬೇಗ ಬಿಸಿಯಾಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹಾಳಾಗಿದ್ದರೆ ಹೊಸದು ಹಾಕಿಸಿ.

ಹೆಡ್ ಗ್ಯಾಸ್ಕೆಟ್ ಅನುಮಾನ ಇದ್ದರೆ ನನಗೆ ಇಷ್ಟು ಹೇಳಿ: ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದೆಯಾ? ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತದೆಯಾ? ತಣ್ಣಗಿದ್ದಾಗ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದರೆ ನೀರಲ್ಲಿ ಗುಳ್ಳೆ ನಿಲ್ಲದೆ ಏಳುತ್ತದೆಯಾ? ಎಡಗಡೆ ಸೀಟಿನ ಮುಂದೆ ಮ್ಯಾಟ್ ಎತ್ತಿಯೂ ನೋಡಿ. ಮಳೆಗಾಲದಲ್ಲಿ ನಮ್ಮೂರಲ್ಲಿ ಎಲ್ಲರ ಗಾಜೂ ಮಸುಕಾಗುತ್ತದೆ, ಅದು ಬೇರೆ. ಗಾಜಿನ ಮೇಲೆ ಜಿಡ್ಡು, ಒಳಗೆ ಸಿಹಿ ವಾಸನೆ ಇದ್ದರೆ ಹೀಟರ್ ಕೋರ್ (ಗಾಡಿಯೊಳಗೆ ಬಿಸಿ ಗಾಳಿ ಕೊಡುವ ಸಣ್ಣ ರೇಡಿಯೇಟರ್) ಸೋರುತ್ತಿದೆ ಅಂತ.

ಪ್ರಶ್ನೆ ಕೇಳಿದವರು

ಅಣ್ಣ, ತುಂಬಾ ಉಪಕಾರ ಆಯ್ತು. ಆಯಿಲ್ ಚೆನ್ನಾಗಿದೆ, ಬಿಳಿ ಹೊಗೆ ಇಲ್ಲ. ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದು ನಿಂತವು. ಮ್ಯಾಟ್ ಒಣಗಿದೆ. ಪಂಪ್ ಕೆಳಗೆ ಮಾತ್ರ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಇದೆ, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಕ್ಯಾಪ್‌ನ ರಬ್ಬರ್ ಗಟ್ಟಿಯಾಗಿ ಅಂಚಿನಲ್ಲಿ ಸೀಳಿದೆ.

ಉತ್ತರ: ಕುಮಟಾ, ಗ್ಯಾರೇಜ್ ಕೆಲಸದವ

ಹಾಗಾದರೆ ಎರಡೂ ಸಿಕ್ಕಿತು, ಅಲ್ವಾ! ಕ್ಯಾಪ್ ಇವತ್ತೇ ಹಾಕಿ. ಪಂಪ್ ಬದಲಾಯಿಸುವವರೆಗೆ ಘಾಟಿ ಇಳಿಯಬೇಡಿ. ಈ ಗಾಡಿಯ ಹೆಡ್ ಅಲ್ಯೂಮಿನಿಯಂ, ಒಮ್ಮೆ ಜೋರಾಗಿ ಹೀಟ್ ಆದರೆ ಸೊಟ್ಟಗಾಗುತ್ತದೆ. ಆಗ ನಿಜವಾಗಿಯೂ ಗ್ಯಾಸ್ಕೆಟ್ ಹೋಗುತ್ತದೆ. ಪಂಪ್ ಕೆಲಸದ ಜೊತೆ ಟೈಮಿಂಗ್ ಬೆಲ್ಟ್ ಹಳೆಯದಾಗಿದ್ದರೆ ಅದನ್ನೂ ಹಾಕಿಸಿಬಿಡಿ. ಹೊಸ ಪಂಪ್ ಕೂರಿಸಿದ ಮೇಲೆ ಪ್ರೆಷರ್ ಟೆಸ್ಟರ್ ಹಚ್ಚಿ ನೋಡಲು ಹೇಳಿ. ಕೈ ಪಂಪಿನಿಂದ ಒತ್ತಡ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟಾಗ ಮುಳ್ಳು ಇಳಿಯದಿದ್ದರೆ ಬಹುತೇಕ ಬೇರೆಲ್ಲೂ ಸೋರಿಕೆ ಇಲ್ಲ ಅಂತ.

ಬಾವಿ ನೀರು ಪೂರ್ತಿ ಖಾಲಿ ಮಾಡಿಸಿ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ರೆಡಿಮಿಕ್ಸ್ (ಮೊದಲೇ ನೀರು ಬೆರೆಸಿದ ಕೂಲಂಟ್) ತಂದರೆ ನೀರು ಬೆರೆಸಬೇಡಿ.

ಪ್ರಶ್ನೆ ಕೇಳಿದವರು

ಪಂಪ್, ಬೆಲ್ಟ್, ಕ್ಯಾಪ್ ಎಲ್ಲ ಹೊಸದಾಯ್ತು. ಟೆಸ್ಟರ್ ಮುಳ್ಳು ಕದಲಲಿಲ್ಲ. ನಿನ್ನೆ ಕುಮಟೆಗೆ ಹೋಗಿ ಬಂದೆ. ಎಸಿ ಹಾಕಿಕೊಂಡೇ ಘಾಟಿ ಹತ್ತಿದೆ, ಮುಳ್ಳು ಅರ್ಧದಿಂದ ಮೇಲೆ ಹೋಗಲಿಲ್ಲ. ಆದರೆ ಬಾಟಲಿಯಲ್ಲಿ ಮಟ್ಟ ಸ್ವಲ್ಪ ಇಳಿದಿದೆ, ಗಾಬರಿ ಪಡಬೇಕಾ?

ಉತ್ತರ: ಕುಮಟಾ, ಗ್ಯಾರೇಜ್ ಕೆಲಸದವ

ಬೇಡ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಿ ಆ ಜಾಗಕ್ಕೆ ಕೂಲಂಟ್ ಇಳಿದಿರುತ್ತದೆ. ಮೂತಿ ಮೇಲಾಗುವಂತೆ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ, ತಣ್ಣಗಿದ್ದಾಗ ಕ್ಯಾಪ್ ತೆಗೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಸ್ಟಾರ್ಟ್ ಮಾಡಿ. ಗುಳ್ಳೆ ನಿಂತ ಮೇಲೆ ತುಂಬಿಸಿ ಮುಚ್ಚಿ. ಬಾಟಲಿಯಲ್ಲಿ ಮಟ್ಟಕ್ಕೆ ಪೆನ್ನಿನಿಂದ ಗೆರೆ ಹಾಕಿ, ದಿನಾ ಬೆಳಿಗ್ಗೆ ನೋಡಿ. ಮತ್ತೆ ಇಳಿಯುತ್ತಲೇ ಹೋದರೆ ಇಲ್ಲೇ ಬರೆಯಿರಿ.

ಇನ್ನೊಂದು ಮಾತು. ತೆಗೆದ ಹಳೇ ಕೂಲಂಟ್ ಅಂಗಳದಲ್ಲಿ ಬಕೆಟ್‌ನಲ್ಲಿ ಇದ್ದರೆ ಈಗಲೇ ಮುಚ್ಚಿಡಿ. ಅದು ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಬಾವಿ ಹತ್ತಿರವಂತೂ ಚೆಲ್ಲಲೇಬೇಡಿ.